ಕನ್ನಡದಲ್ಲೇ ಅದೆ ಸಾ

"ಕನ್ನಡದಲ್ಲೇ ಅದೆ ಸಾ. ಏನಂತ ಮಾತ್ರ ಗೊತ್ತಾಗಕಿಲ್ಲ."

ಸೋಮವಾರ ಪಾಂಡವಪುರದ ಕಡೆಯಿಂದ ಬಂದ ಅಮ್ಮ ಒಬ್ಬರು ಮೇಜಿನ ಮೇಲೆ ಕಾಗದ ಇಟ್ಟು ಹೇಳಿದ ಮಾತಿದು. ನಮ್ಮ ಗುಮಾಸ್ತರ ಊರಿನವರು. ವಾರ ಮುಗಿಯುತ್ತಾ ಬಂತು, ಆ ಮಾತು ಇನ್ನೂ ಕಿವಿಯಲ್ಲೇ ಇದೆ.

ಮೈಸೂರಿನಲ್ಲಿ ನಾನು ಹದಿನಾಲ್ಕು ವರ್ಷದಿಂದ ವಕೀಲ. ಕೋರ್ಟಿಗೆ ಹೋಗುವುದು ಕಮ್ಮಿ. ಫೈನಾನ್ಸ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕಿನ ನಿಯಮ ತಿಳಿಸುವುದು, ಅವರ ಸಾಲದ ಪತ್ರ ತಿದ್ದಿಕೊಡುವುದು ನನ್ನ ಕೆಲಸ. ಸಾಲ ತಗೊಂಡವರ ಮುಖ ನೋಡುವುದೇ ಅಪರೂಪ.

ಅಮ್ಮ ತಂದ ಆ ಕಾಗದ ಕೆಎಫ್‌ಎಸ್, ಅಂದರೆ ಸಾಲ ಕೊಡುವ ಕಂಪನಿ ಕೊಡಬೇಕಾದ ಮುಖ್ಯ ವಿವರಗಳ ಹಾಳೆ (ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್). ಸಾಲದ ಮುಖ್ಯ ವಿವರಗಳೆಲ್ಲ ಒಂದೇ ಕಡೆ ಇರಬೇಕು, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಅಂತ ನಿಯಮ. 2024ರ ಅಕ್ಟೋಬರ್ 1ರಿಂದ ಜನಸಾಮಾನ್ಯರ ಹೊಸ ಸಾಲಗಳಿಗೆ ಇದು ಕಡ್ಡಾಯ. ಅಮ್ಮನ ಹಾಳೆಯಲ್ಲಿ 'ವಾರ್ಷಿಕ ಶೇಕಡಾವಾರು ದರ 27.8' ಅಂತಿತ್ತು. ಏಜೆಂಟ್ ಬಾಯಲ್ಲಿ ಹೇಳಿದ್ದು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಎರಡೂ ಸುಳ್ಳಲ್ಲ. ಸಾಲ 50,000. ಆದರೆ ಶುಲ್ಕ, ವಿಮೆ ಹಿಡಿದುಕೊಂಡು ಕೈಗೆ ಬಂದದ್ದು 48,200. ತಿಂಗಳಿಗೆ 2,640ರಂತೆ 24 ಕಂತು, ಒಟ್ಟು 63,360. ಬಡ್ಡಿಯ ಜೊತೆ ಹಿಡಿದುಕೊಂಡ ಹಣವನ್ನೂ ಸೇರಿಸಿ ವರ್ಷಕ್ಕೆ ಲೆಕ್ಕ ಹಾಕಿದರೆ ಆ 27.8.

ಇಷ್ಟನ್ನು ಅಮ್ಮನಿಗೆ ಹೇಳಲು ನನಗೆ ಐದು ನಿಮಿಷ ಸಾಕಾಯಿತು. "ಹಂಗಾರೆ ಹದಿನೈದು ಸಾವ್ರ ಜಾಸ್ತಿ ಕಟ್ತೀನಿ" ಅಂದರು. ಸರಿಯಾದ ಲೆಕ್ಕ! ಜೊತೆಗಿದ್ದ ಅಳಿಯ ಮಾತ್ರ "ಸೈನ್ ಮಾಡುವಾಗ್ಲೇ ಕೇಳ್ಬೇಕಿತ್ತು" ಅಂತ ರೇಗಿದ. ಆ ದಿನ ಅವನೂ ಪಕ್ಕದಲ್ಲೇ ಇದ್ದನಂತೆ. ನನಗೆ ಅವನ ಮೇಲೆ ತುಂಬಾ ಸಿಟ್ಟು ಬಂತು.

ವಸೂಲಿಯವನು ರಾತ್ರಿ ಏಳೂವರೆಗೆ ಬಂದು ಜಗಲಿ ಮೇಲೆ ಕೂರುತ್ತಾನಂತೆ. ಅಮ್ಮನದ್ದು ಮೈಕ್ರೋಫೈನಾನ್ಸ್ ಸಾಲ, ಅಂದರೆ ಕಡಿಮೆ ಆದಾಯದವರಿಗೆ ಅಡಮಾನವಿಲ್ಲದೆ ಕೊಡುವ ಸಾಲ. ಅದಕ್ಕೆ ಬೆಳಿಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ಮೇಲೆ ಫೋನ್ ಕೂಡ ಮಾಡುವಂತಿಲ್ಲ. 2022ರಿಂದ ಇರುವ ನಿಯಮ. ಕಂಪನಿಗೆ ದೂರು ಬರೆದುಕೊಟ್ಟೆ. 30 ದಿನದಲ್ಲಿ ಉತ್ತರ ಬರದಿದ್ದರೆ ಇಂಥ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗೋಣ ಅಂದೆ.

ಆದರೆ ನನ್ನನ್ನು ಕಾಡುತ್ತಿರುವುದು ಆ ಹಾಳೆ. ಅದು ನಾನು ನೋಡಿಕೊಟ್ಟದ್ದಲ್ಲ, ನಿಜ. ಆದರೆ ಅದೇ 'ವಾರ್ಷಿಕ ಶೇಕಡಾವಾರು ದರ'ಕ್ಕೆ, ಅದೇ 'ಮರುಪಾವತಿ ಆವರ್ತನ'ಕ್ಕೆ (ಕಂತು ಎಷ್ಟು ದಿನಕ್ಕೊಮ್ಮೆ ಅಂತ) ಬೇರೆ ಕಂಪನಿಗಳ ಹಾಳೆಯಲ್ಲಿ ನಾನೇ ಟಿಕ್ ಹಾಕಿದ್ದೇನೆ. ಕನ್ನಡ ಇದೆಯಾ, ಇದೆ. ಅಷ್ಟೇ ನೋಡುತ್ತಿದ್ದೆ. ಅರ್ಥವಾಗುತ್ತಾ ಅಂತ ಒಬ್ಬರನ್ನಾದರೂ ಕೇಳಬೇಕಿತ್ತು, ಅಲ್ವಾ?

ಹೊರಡುವಾಗ ಅಮ್ಮ ಆ ಹಾಳೆಯ ಹಿಂದೆ ಬರೆಸಿಕೊಂಡರು: ಕೈಗೆ ಬಂದದ್ದು ಇಷ್ಟು, ಕಟ್ಟುವುದು ಇಷ್ಟು, ಬೇಗ ತೀರಿಸಿದರೆ ದಂಡ ಇಲ್ಲ. ಅಕ್ಷರ ದೊಡ್ಡದಾಗಿರಲಿ ಅಂದರು. ಅಲ್ಲೇ ಬೆರಳಿಟ್ಟು ಓದಿ, ಮಡಚಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು.

ನಿನ್ನೆ ಇನ್ನೊಂದು ಕಂಪನಿಯ ಹಾಳೆ ಒಪ್ಪಿಗೆಗೆ ಬಂದಿತ್ತು. ಸಹಿ ಮಾಡಲಿಲ್ಲ. ಅಮ್ಮ ಬರೆಸಿಕೊಂಡ ಮೂರು ಸಾಲುಗಳನ್ನೇ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಹಾಕಿ ಅಂತ ಬರೆದು ವಾಪಸ್ ಕಳಿಸಿದ್ದೇನೆ.