ಆರು ತುಂಡಿನ ನಕ್ಷೆ

ಮಡಿಕೇರಿಯಲ್ಲಿ ಮಳೆಗಾಲ ಹಿಡಿದರೆ ಕಾಗದಕ್ಕೂ ಶೀತವಾಗುತ್ತದೆ. ನನ್ನ ಝೆರಾಕ್ಸ್ ಅಂಗಡಿಯ ಕಪಾಟಿನಲ್ಲಿ ಬಲ್ಬೊಂದು ಹಗಲಿರುಳು ಉರಿಯುತ್ತಿರಬೇಕು, ಇಲ್ಲದಿದ್ದರೆ ಹಾಳೆಗಳು ಒಂದಕ್ಕೊಂದು ಅಂಟಿ ಯಂತ್ರದ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಊರಿಗೆ ಮುಂದೆ ಏನು ಬರಲಿದೆ ಎಂಬುದು ಮೊದಲು ಬಂದು ಮಲಗುವುದು ಈ ಯಂತ್ರದ ಗಾಜಿನ ಮೇಲೆ.

ಹಾಗೆ ಒಂದು ದಿನ ಬಂದದ್ದು ಊರಿನ ಮಾಸ್ಟರ್ ಪ್ಲಾನಿನ, ಅಂದರೆ ಯಾವ ಜಾಗದಲ್ಲಿ ಏನಿರಬೇಕೆಂಬ ಯೋಜನೆಯ, ಭೂಬಳಕೆ ನಕ್ಷೆ. ಹಳದಿ ಎಂದರೆ ವಾಸ, ನೀಲಿ ಎಂದರೆ ವಾಣಿಜ್ಯ, ಹಸಿರು ಎಂದರೆ ಉದ್ಯಾನ. ನನ್ನಲ್ಲಿರುವುದು ಎ3 ಯಂತ್ರ, ಅದೂ ಕಪ್ಪು ಬಿಳುಪು. ಆರು ತುಂಡಾಗಿ ತೆಗೆದು ಅಂಟಿಸಿದೆ. ಬಣ್ಣಗಳೆಲ್ಲ ಒಂದೇ ಬೂದು ಬಣ್ಣವಾಗಿ, ನೆಲದ ಎತ್ತರ ತೋರಿಸುವ ಗೆರೆಗಳಷ್ಟೇ ಎದ್ದು ನಿಂತವು. ಗೆರೆಗಳು ದೂರದೂರ ಇದ್ದರೆ ಸಮತಟ್ಟು, ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು. ಇಂದಿರಾನಗರ, ಚಾಮುಂಡೇಶ್ವರಿನಗರದ ಕಡೆ ಅವು ಬಾಚಿದ ಕೂದಲಿನಂತೆ ಒತ್ತಾಗಿದ್ದವು.

2018ರ ಆಗಸ್ಟ್‌ನಲ್ಲಿ ಅಲ್ಲೇ ಗುಡ್ಡ ಕುಸಿಯಿತು. ಮನೆಗೂ ರಸ್ತೆಗೂ ಗುಡ್ಡದ ಬುಡ ಕಡಿದದ್ದು ಕಾರಣಗಳಲ್ಲೊಂದು ಎಂದು ಭೂವಿಜ್ಞಾನಿಗಳು ಹೇಳಿದರು. ಸರಿ. ಆದರೆ ಕೂಲಿಯವರಿಗೆ ಗುಡ್ಡದ ಬುಡವೇ ಏಕೆ ಬೇಕಾಯಿತು? ಸಮತಟ್ಟು ಜಾಗದ ಬೆಲೆ ವಸತಿಗೃಹ, ಹೋಂ ಸ್ಟೇಗಳವರ ಕೈಗಷ್ಟೇ ಎಟುಕುತ್ತದೆ. ಅಲ್ಲಿ ಹಾಸಿಗೆ ಮಡಚುವವರು, ಪಾತ್ರೆ ತೊಳೆಯುವವರು ನಡೆದು ಬರುವಷ್ಟು ಹತ್ತಿರ ಇರಬೇಕು, ಬಾಡಿಗೆಯೂ ಕೈಗೆ ಎಟುಕಬೇಕು. ಎರಡೂ ಕೂಡಿ ಬರುವುದು ಇಳಿಜಾರಿನಲ್ಲಿ ಮಾತ್ರ.

ನಕ್ಷೆಯ ಸುದ್ದಿ ಕೇಳಿ ಬಂದ ಅಕ್ಕ ಒಬ್ಬರು ಮೊದಲು ಇಂದಿರಾನಗರದಲ್ಲಿದ್ದವರು. ಈಗ ಅವರಿಗೆ ಮಾದಾಪುರದ ಹತ್ತಿರ ಜಂಬೂರಿನಲ್ಲಿ ಪುನರ್ವಸತಿ ಮನೆ. ಗಟ್ಟಿ ಮನೆ, ಮಳೆಯಲ್ಲೂ ನಿದ್ದೆ ಬರುತ್ತದೆ ಎಂದು ಬಾಯಿತುಂಬ ಹೊಗಳಿದರು. ಕೆಲಸ ಮಾತ್ರ ಮಡಿಕೇರಿಯ ವಸತಿಗೃಹದಲ್ಲೇ.

"ಬೆಳಿಗ್ಗೆ ಏಳಕ್ಕೆ ಇಲ್ಲಿರಬೇಕು ಅಣ್ಣ. ಬಸ್ ತಪ್ಪಿದರೆ ಅರ್ಧ ದಿನದ ಕೂಲಿ ಹೋಯಿತು."

2023ರ ಜೂನ್‌ನಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲವಲ್ಲ ಎಂದೆ. ಅವರು ನಕ್ಕರು. ಕೊಡಗಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್, ಅಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ಅಂಗಡಿಯಲ್ಲೇ ಕುಳಿತು ದಿನ ಕಳೆಯುವ ನನಗೆ ಇದು ಹೊಳೆದಿರಲಿಲ್ಲ.

ಇದು ಮಡಿಕೇರಿಯೊಂದರ ಕಥೆಯಲ್ಲ. 2016ರ ಡಿಸೆಂಬರ್‌ನಲ್ಲಿ ದಕ್ಷಿಣ ಕೊಡಗಿನ ದಿಡ್ಡಳ್ಳಿಯ ಗುಡಿಸಲುಗಳನ್ನು ಕೆಡವಿದ ಮೇಲೆ ಆ ಆದಿವಾಸಿ ಕುಟುಂಬಗಳಿಗೆ ಮನೆ ಸಿಕ್ಕಿದ್ದು ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ. ಅವರು ದುಡಿಯುತ್ತಿದ್ದ ಕಾಫಿ ತೋಟಗಳು ಉಳಿದದ್ದು ದಿಡ್ಡಳ್ಳಿಯ ಕಡೆಯೇ. ಸೂರು ಕೊಟ್ಟ ಕಾಗದದಲ್ಲಿ ಅಳತೆಯೆಲ್ಲ ಇರುತ್ತದೆ, ಮನೆಯಿಂದ ಕೆಲಸಕ್ಕೆ ಎಷ್ಟು ದೂರ ಎಂಬುದೊಂದನ್ನು ಬಿಟ್ಟು.

ನಗರ ಯೋಜನೆಯ ಕಾಯಿದೆ 1961ರದ್ದು. ಮಾಸ್ಟರ್ ಪ್ಲಾನನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು, ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. 2011ರ ಜನಗಣತಿಯಲ್ಲಿ ಪಟ್ಟಣದ ಜನ 33 ಸಾವಿರದಷ್ಟು. ಮುಂಜಾನೆ ಬಂದು ಸಂಜೆ ಹೋಗುವವರು ಆ ಲೆಕ್ಕದಲ್ಲಿಲ್ಲ. ಹಾಗೆಂದು ಅವರಿಗೆ ಆಕ್ಷೇಪಣೆ ಇರಬಾರದೇ? ನೀವೂ ಒಂದು ಕೊಡಿ ಅಕ್ಕ ಎಂದೆ.

ಅರ್ಜಿ ನಮೂನೆಯ ಮೊದಲ ಕಲಂ ಸರ್ವೆ ನಂಬರ್, ಎರಡನೆಯದು ವಿಸ್ತೀರ್ಣ. ಇಬ್ಬರೂ ಮುಖ ನೋಡಿಕೊಂಡೆವು. ಎರಡಕ್ಕೂ ಗೆರೆ ಎಳೆದು, ವಿವರದ ಜಾಗದಲ್ಲಿ ನಾನೇ ಬರೆದೆ: ಪಟ್ಟಣದೊಳಗಿನ ಸಮತಟ್ಟು ನೆಲದಲ್ಲಿ ಒಂದು ಪಾಲು ಕೂಲಿಯವರ ಬಾಡಿಗೆ ಮನೆಗೆ ಮೀಸಲಿರಲಿ. ಅದು ಆಗುವವರೆಗೆ ಜಂಬೂರಿನಿಂದ ಆರು ಗಂಟೆಯೊಳಗೆ ಒಂದು ಸರಕಾರಿ ಬಸ್ ಹೊರಡಲಿ.

ಅವರು ನಿಧಾನವಾಗಿ ಸಹಿ ಹಾಕಿದರು. ಕಚೇರಿಗೊಂದು, ತಮಗೊಂದು, ಎರಡು ಪ್ರತಿ ಬೇಕೆಂದರು. ಮೊದಲನೆಯದು ಬಂತು, ಎರಡನೆಯ ಹಾಳೆ ಯಂತ್ರದೊಳಗೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿ ಅವರು ಕೊಡೆ ಬಿಡಿಸುತ್ತಾ ಓಡಿದರು. ಆಮೇಲೆ ತೆಗೆದ ಅವರ ಪ್ರತಿ ಬಲ್ಬಿನ ಪಕ್ಕದಲ್ಲಿ ಬೆಚ್ಚಗಿದೆ.