ವಿಸಿಲ್ ಹೊಡೆದಾಗ ಹುಡುಗ ನೆಲಕ್ಕೆ ಮಲಗಿಬಿಟ್ಟ

ಕೊಬ್ಬರಿ ಸುಟ್ಟ ವಾಸನೆ ಮೂರು ಸಲ ಒಗೆದರೂ ಯೂನಿಫಾರ್ಮ್ ಬಿಟ್ಟು ಹೋಗುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಬೆಂಕಿ ಆರಿಸಿದವರು ಯಾರನ್ನಾದರೂ ಕೇಳಿ ನೋಡಿ. ಎಣ್ಣೆ ತುಂಬಿದ ಸರಕು ಅದು. ಹೊಗೆ ಕಪ್ಪಗೆ, ಜಿಡ್ಡುಜಿಡ್ಡಾಗಿ ಏಳುತ್ತದೆ. ಟಾರ್ಚ್ ಹಾಕಿದರೂ ನಮ್ಮ ಕೈ ನಮಗೆ ಕಾಣುವುದಿಲ್ಲ.

ಆ ರಾತ್ರಿ ಎರಡು ಗಂಟೆಗೆ ಕಾಲ್ ಬಂತು. ಕೊಬ್ಬರಿ ಶೆಡ್. ಅಟ್ಟದ ತುಂಬ ಕಾಯಿ, ಕೆಳಗೆ ಚಿಪ್ಪಿನ ರಾಶಿ. ಠಾಣಾಧಿಕಾರಿ ರಜೆಯಲ್ಲಿದ್ದರು. ನಾನು ಲೀಡಿಂಗ್ ಫೈರ್‌ಮನ್, ತೀರ್ಮಾನವೆಲ್ಲ ನನ್ನದೇ. ಫೈರ್ ಎಂಜಿನ್ ನಿಲ್ಲಿಸುವಷ್ಟರಲ್ಲಿ ಶೆಡ್ಡಿನ ಯಜಮಾನರು ಓಡಿ ಬಂದರು. ‘ಆಳುಗಳೆಲ್ಲ ಆಚೆ ಬಂದವ್ರೆ ಸಾರ್. ಆದ್ರೆ ಅಡುಗೆ ಮಾಡ್ಕೊಳೋ ಮೂಲೇಲಿ ಗ್ಯಾಸ್ ಸಿಲಿಂಡರ್ ಐತೆ.’

ನಮ್ಮ ಗಾಡಿಯಲ್ಲಿ ಬಿಎ ಸೆಟ್ ಎರಡು. ಹೊಗೆಯೊಳಗೆ ಉಸಿರಾಡಲು ಬೆನ್ನಿಗೆ ಹಾಕಿಕೊಳ್ಳುವ ಗಾಳಿ ಸಿಲಿಂಡರ್, ಮುಖಕ್ಕೆ ಮಾಸ್ಕ್. ಒಂದರ ಮಾಸ್ಕಿನ ರಬ್ಬರ್ ಬಿರುಕು ಬಿಟ್ಟಿತ್ತು, ಹೊಸದಕ್ಕೆ ಎರಡು ಸಲ ಇಂಡೆಂಟ್ (ಬೇಡಿಕೆ ಪತ್ರ) ಕಳಿಸಿಯಾಗಿತ್ತು. ಇನ್ನೊಂದರ ಗೇಜ್ ನೋಡಿದೆ. ಗಾಳಿಯ ಒತ್ತಡ 300 ಬಾರ್ ಇರಬೇಕಾದ ಕಡೆ 210. ಒಬ್ಬನನ್ನೇ ಒಳಗೆ ಕಳಿಸಬಾರದು ಅನ್ನುವುದು ಮೊದಲ ಪಾಠ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಮ್ಮ ಠಾಣೆಯ ಒಬ್ಬ ಹುಡುಗನನ್ನು ಕಳಿಸಿದೆ.

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಗಾಳಿ ಮುಗಿಯುತ್ತಾ ಬಂತು ಅಂತ ಎಚ್ಚರಿಸಲು ಸೆಟ್ಟಿನಲ್ಲೇ ಇರುವ ವಿಸಿಲ್ ಹೊಡೆಯುವುದು 55ಕ್ಕೆ. 210ರಲ್ಲಿ 55 ಕಳೆದರೆ 155. ಆರು ಲೀಟರ್‌ನ ಗಾಳಿ ಸಿಲಿಂಡರ್, ಅಂದರೆ 930 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಅಂತ ಹಿಡಿದರೆ 23 ನಿಮಿಷ. ‘ನಿಂಗೆ ಇಪ್ಪತ್ತು ನಿಮಿಷ ಟೈಮ್ ಇದೆ ಕಣಪ್ಪಾ, ಗ್ಯಾಸ್ ಸಿಲಿಂಡರ್ ಸಿಕ್ಕಿದ ತಕ್ಷಣ ತಣ್ಣಗೆ ಮಾಡು’ ಎಂದೆ. ಸೊಂಟಕ್ಕೆ ಹಗ್ಗ ಕಟ್ಟಿ, ಬ್ರಾಂಚ್, ಅಂದರೆ ಹೋಸಿನ ತುದಿಯ ನಳಿಕೆ, ಕೈಗೆ ಕೊಟ್ಟೆ. ಹುಡುಗ ಒಳಗೆ ಹೋದ.

ನಲವತ್ತು ಲೀಟರ್ ಲೆಕ್ಕ ಬರುವುದು ಹದವಾಗಿ ಉಸಿರಾಡುವವನಿಗೆ. ಕತ್ತಲಲ್ಲಿ, ಕಾವಿನಲ್ಲಿ, ಒಬ್ಬನೇ ನೀರು ತುಂಬಿದ ಹೋಸ್ ಎಳೆದುಕೊಂಡು ಹೋಗುವ ಹುಡುಗ ಅದರ ಎರಡರಷ್ಟು ಎಳೆಯುತ್ತಾನೆ. ಹನ್ನೆರಡನೇ ನಿಮಿಷಕ್ಕೇ ಪಂಪಿನ ಸದ್ದಿನ ಮಧ್ಯೆ ವಿಸಿಲ್ ಕೇಳಿಸಿತು.

ಈಗ ಬರುತ್ತಾನೆ ಅಂದುಕೊಂಡೆ. ಬಾಗಿಲ ಹತ್ತಿರ ಹೋಗಿ ನಿಂತೆ. ಒಂದು ನಿಮಿಷ ಆಯಿತು. ಬರಲಿಲ್ಲ. ಹಗ್ಗ ಎರಡು ಸಲ ಜಗ್ಗಿದೆ. ಆ ಕಡೆಯಿಂದ ಉತ್ತರ ಇಲ್ಲ. ವಿಸಿಲ್ ಮಾತ್ರ ಹೊಡೆಯುತ್ತಲೇ ಇದೆ, ಒಂದೇ ಜಾಗದಿಂದ. ಆ ಸದ್ದು ಅಲ್ಲಾಡುತ್ತಿಲ್ಲ ಅಂತ ಗೊತ್ತಾದಾಗ ನನ್ನ ಕಾಲು ತಣ್ಣಗಾಯಿತು. ಮೂರು ಜನ ಸೇರಿ ಹಗ್ಗ ಎಳೆದೆವು. ಬಿಗಿಯಾಯಿತು, ಎಲ್ಲೋ ಸಿಕ್ಕಿಕೊಂಡಿತು, ಆಮೇಲೆ ಸಡಿಲಾಯಿತು. ಹುಡುಗ ಮೊಣಕಾಲ ಮೇಲೆ ತೆವಳಿಕೊಂಡು ಬಾಗಿಲಿಗೆ ಬಂದ. ಮಾಸ್ಕ್ ಕಿತ್ತಾಗ ಗೇಜಿನ ಮುಳ್ಳು 20ಕ್ಕಿಂತ ಕೆಳಗಿತ್ತು. ಇನ್ನೊಂದು ನಿಮಿಷದ ಗಾಳಿ ಅಷ್ಟೇ.

ನೀರು ಕುಡಿದ ಮೇಲೆ ಹೇಳಿದ. ‘ಗ್ಯಾಸ್ ಸಿಲಿಂಡರ್ ಲೀಕ್ ಆಗಿ ಸಿಳ್ಳೆ ಹೊಡೀತಿದೆ ಅನ್ಕೊಂಡೆ ಸಾರ್. ಸಿಡಿಯುತ್ತೆ ಅಂತ ಅಲ್ಲೇ ಮಲಗಿಬಿಟ್ಟೆ.’

ಅವನ ಮೈಮೇಲಿನ ವಿಸಿಲ್ಲೇ ಅವನಿಗೆ ಗುರುತು ಸಿಗಲಿಲ್ಲ. ಪಕ್ಕದ ಶೀಟ್ ಕತ್ತರಿಸಿ, ಹೊರಗಿನಿಂದಲೇ ನೀರು ಹೊಡೆದು ಗ್ಯಾಸ್ ಸಿಲಿಂಡರ್ ತಣಿಸಿದೆವು. ಮೊದಲೇ ಹಾಗೆ ಮಾಡಬಹುದಿತ್ತು.

ತಪ್ಪು ಹುಡುಗನದ್ದಲ್ಲ. ಬನ್ನೇರುಘಟ್ಟ ರಸ್ತೆಯ ಅಕಾಡೆಮಿಯಲ್ಲಿ ಕಲಿತು ಮೂರು ವರ್ಷ ಆಗಿತ್ತು. ಆಮೇಲೆ ಠಾಣೆಯಲ್ಲಿ ಅವನು ಬಿಎ ಸೆಟ್ ಹಾಕಿದ್ದು ಅಗ್ನಿಶಾಮಕ ಸಪ್ತಾಹದಲ್ಲಿ ಮಾತ್ರ. 1944ರಲ್ಲಿ ಮುಂಬೈ ಹಡಗುಕಟ್ಟೆಯ ಸ್ಫೋಟದಲ್ಲಿ ಸತ್ತ ನಮ್ಮವರ ನೆನಪಿಗೆ ಏಪ್ರಿಲ್ 14ರಿಂದ 20ರವರೆಗೆ ಶಾಲೆ ಮಕ್ಕಳ ಮುಂದೆ ಪ್ರದರ್ಶನ ಕೊಡುತ್ತೇವಲ್ಲ, ಆಗ. ಅದೂ ಗಾಳಿಯ ವಾಲ್ವ್ ಮುಚ್ಚಿಕೊಂಡು, ವಿಸಿಲ್ ಕೇಳಿಸುವ ಮಾತೇ ಇಲ್ಲ. ಯಾಕೆಂದರೆ ಗಾಳಿ ತುಂಬಿಸಿಕೊಂಡು ಬರಲು ಒಂದು ಜೀಪು, ಒಬ್ಬ ಡ್ರೈವರ್, ಇಡೀ ದಿನ ಬೇಕು. ಡೀಸೆಲ್ ಲೆಕ್ಕ ಕೊಡಬೇಕು. ‘ಡ್ರಿಲ್ ಸಮಯದಲ್ಲಿ ವಾಲ್ವ್ ತೆರೆಯಬಾರದು’ ಅಂತ ಠಾಣೆಯ ಬೋರ್ಡಿನಲ್ಲಿ ಬರೆದವನು ನಾನೇ. ಉಳಿತಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಅಗ್ನಿಶಾಮಕಕ್ಕೆ ದುಡ್ಡೇ ಬರುವುದಿಲ್ಲ ಅಂತ ನಾನು ಹೇಳುವುದಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳ ಅಗ್ನಿಶಾಮಕ ಸೇವೆ ವಿಸ್ತರಣೆ ಮತ್ತು ಆಧುನೀಕರಣಕ್ಕೆ 5,000 ಕೋಟಿ ರೂಪಾಯಿಯ ಯೋಜನೆ ತಂದಿತು. ನಮ್ಮಂಥ ರಾಜ್ಯಗಳು ಯೋಜನೆಯ ವೆಚ್ಚದಲ್ಲಿ ಶೇ 25ರಷ್ಟು ತಮ್ಮ ಬಜೆಟ್‌ನಿಂದ ಹಾಕಬೇಕು. ಅದರಲ್ಲಿ ಉಪಕರಣಕ್ಕೂ ತರಬೇತಿ ಕೇಂದ್ರಕ್ಕೂ ಜಾಗ ಇದೆ, ಒಳ್ಳೆಯದೇ. ಹೊಸ ಗಾಡಿ ಬಂದರೆ ನಮಗೂ ಖುಷಿ. ಆದರೆ ಗಾಡಿ ಒಂದು ಸಲ ಬರುತ್ತದೆ. ಮಾಸ್ಕಿನ ರಬ್ಬರ್, ಸಿಲಿಂಡರಿನ ಗಾಳಿ, ಹುಡುಗರನ್ನು ವರ್ಷಕ್ಕೊಮ್ಮೆ ರಿಫ್ರೆಶರ್‌ಗೆ ಕಳಿಸುವ ಬಸ್ ಖರ್ಚು, ಅವರ ಬದಲಿಗೆ ಡ್ಯೂಟಿ ಮಾಡುವ ಇನ್ನೊಬ್ಬ, ಇವು ವರ್ಷವಿಡೀ ಬೇಕಾದವು. ಡ್ರಿಲ್‌ಗೆ ಅಂತಲೇ ರಾಜ್ಯ ಸರ್ಕಾರ ಪ್ರತಿ ತಾಲೂಕು ಠಾಣೆಗೆ ಒಂದಿಷ್ಟು ಹಣ ಬೇರೆ ಇಡಬೇಕು. ಚಿಕ್ಕ ಮೊತ್ತ ಸಾಕು, ಆದರೆ ಅದನ್ನು ಬೇರೆ ಯಾವುದಕ್ಕೂ ತಿರುಗಿಸಬಾರದು. ಆ ರಾತ್ರಿ ಬಾಗಿಲಲ್ಲಿ ನಿಂತ ಮೇಲೆ ನನಗೆ ಇದರಲ್ಲಿ ಎರಡು ಮಾತಿಲ್ಲ.

ಬೋರ್ಡಿನ ಆ ಸಾಲು ಅಳಿಸಿದ್ದೇನೆ. ಈಗ ತಿಂಗಳ ಮೊದಲ ಶನಿವಾರ ತುಂಬಿದ ಸಿಲಿಂಡರ್ ಹಾಕಿಕೊಂಡು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಹೋಸ್ ಎಳೆದುಕೊಂಡು ಗ್ಯಾರೇಜ್ ಸುತ್ತುವುದು. ವಿಸಿಲ್ ಹೊಡೆಯುವ ತನಕ. ಪಾಳಿ ಮೇಲೆ ಒಬ್ಬೊಬ್ಬರೇ. ಯಾರಿಗೆ ಎಷ್ಟು ನಿಮಿಷ ಅಂತ ಬೋರ್ಡಿನಲ್ಲಿ ಹೆಸರಿನ ಮುಂದೆ ಬರೆಯುತ್ತೇವೆ. ಹುಡುಗನಿಗೆ ಮೊದಲ ಸಲ 19 ಬಂತು. ಅವನ ಸರದಿ ಮತ್ತೆ ಬಂದಾಗ 24. ನನಗೆ 17. ಕಾಲ್ ಬಂದರೆ ಈಗ ನಾನು ಲೆಕ್ಕ ಹಾಕುವುದು ಆ ಬೋರ್ಡ್ ನೋಡಿಯೇ. ಮಾಸ್ಕಿಗೆ ಮೂರನೇ ಇಂಡೆಂಟ್ ಕಳಿಸಿದ್ದೇನೆ. ಇನ್ನೂ ಬಂದಿಲ್ಲ.