ಬೀರುವಿನ ಹಿಂದಿನ ಬೂಷ್ಟು

ಸಕಲೇಶಪುರದಲ್ಲಿ ತಾರಸಿ ಮನೆ ಕಟ್ಟಿಸಿ ಒಕ್ಕಲಾದ ಮೊದಲ ಮಳೆಗಾಲದಲ್ಲೇ ನನ್ನ ಧಾರೆ ಸೀರೆಗೆ ಬೂಷ್ಟು ಹಿಡಿಯಿತು. ಬೀರು ಸರಿಸಿ ನೋಡಿದರೆ ಹಿಂದಿನ ಗೋಡೆಯೆಲ್ಲ ಕಪ್ಪು. ತಾರಸಿ ಸೋರುತ್ತಿದೆಯೆಂದು ಎರಡು ವರ್ಷ ಮೇಲೆ ಏನೇನೋ ಬಳಿಸಿದೆವು. ದುಡ್ಡು ಹೋಯಿತು, ಬೂಷ್ಟು ಹೋಗಲಿಲ್ಲ.

ಒಂದು ದಿನ ಅತ್ತೆ ಕೇಳಿದರು: "ಹಳೇ ಮನೇಲೂ ಇದೇ ಮಳೆ ತಾನೇ? ಅಲ್ಲಿ ಹಿಂಗೆ ಗೋಡೆ ಕಪ್ಪಾಗಿದ್ದು ನಾನು ಕಾಣೆ."

ಆ ಮಾತು ನನ್ನನ್ನು ಬಿಡಲಿಲ್ಲ. ಹಳೇ ಮನೆಯಲ್ಲಿ ಅನ್ನದ ಹಬೆ, ಒಲೆಯ ಹೊಗೆ ಎಲ್ಲವೂ ಹೆಂಚಿನ ಸಂದಿಯಲ್ಲಿ ಮೇಲಕ್ಕೆ ಹೋಗುತ್ತಿತ್ತು. ಇಲ್ಲಿ ನಾವು ಚಳಿ, ಸೊಳ್ಳೆ ಎಂದು ವೆಂಟಿಲೇಟರಿಗೆಲ್ಲ ಪ್ಲಾಸ್ಟಿಕ್ ಹೊಡೆಸಿದ್ದೆವು. ಒಂದು ಕೆಜಿ ಅಡುಗೆ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಕೆಜಿ ನೀರಾವಿ ಹುಟ್ಟುತ್ತದೆ. 14.2 ಕೆಜಿಯ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 20 ಲೀಟರಿಗೂ ಹೆಚ್ಚು ನೀರು ಅಡುಗೆಮನೆಯ ಗಾಳಿಗೆ ಸೇರಿರುತ್ತದೆ! ಅದರ ಮೇಲೆ ನಾಲ್ಕು ಜನರ ಉಸಿರು, ಒಳಗೇ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆ. ಈ ಆವಿಯೆಲ್ಲ ತಣ್ಣನೆಯ ಗೋಡೆ ಸಿಕ್ಕಲ್ಲಿ ನೀರಾಗುತ್ತದೆ. ಬೀರುವಿನ ಹಿಂದೆ ಗಾಳಿಯಾಡದ ಕಾರಣ ಮೊದಲು ಅಲ್ಲೇ.

ಮಳೆಗಾಲದಲ್ಲಿ ಹೊರಗಿನ ಗಾಳಿಯೂ ಒದ್ದೆಯಲ್ಲವೇ, ಕಿಟಕಿ ತೆಗೆದರೆ ಏನು ಲಾಭ ಎಂದು ನಮ್ಮವರು ವಾದಿಸಿದರು. ಸರಿಯಾದ ಪ್ರಶ್ನೆಯೇ. ಆದರೆ ಹೊರಗೆ 20 ಡಿಗ್ರಿ, 95 ಶೇಕಡಾ ತೇವ ಇರುವ ಗಾಳಿ ಒಳಗೆ ಬಂದು 23 ಡಿಗ್ರಿಗೆ ಬೆಚ್ಚಗಾದರೆ ಅದರ ತೇವ 80 ಶೇಕಡಾದ ಆಸುಪಾಸಿಗೆ ಇಳಿಯುತ್ತದೆ. ಹಬೆ ತುಂಬಿದ ಒಳಗಿನ ಗಾಳಿಗಿಂತ ಅದೇ ವಾಸಿ. ಅದಕ್ಕೇ ಒಳಗಿನ ಗಾಳಿಯನ್ನು ಹೊರಹಾಕುತ್ತಿರಬೇಕು, ಗೋಡೆ ತೀರಾ ತಣ್ಣಗಾಗದಂತೆಯೂ ನೋಡಿಕೊಳ್ಳಬೇಕು.

ಪ್ಲಾಸ್ಟಿಕ್ ಕಿತ್ತು ಸೊಳ್ಳೆಜಾಲರಿ ಹಾಕಿಸಿದೆವು. ಅಡುಗೆಮನೆಯ ಸ್ಲೈಡಿಂಗ್ ಕಿಟಕಿ ಎಷ್ಟು ಸರಿಸಿದರೂ ಅರ್ಧವೇ ತೆರೆಯುತ್ತಿತ್ತು, ಅಲ್ಲಿ ಹೊರಕ್ಕೆ ತೆರೆಯುವ ಬಾಗಿಲಿನದು ಕೂರಿಸಿ ಮೇಲೆ ಅಗಲವಾದ ಸಜ್ಜಾ ಕೊಟ್ಟೆವು. ಬೀರು ಗೋಡೆಯಿಂದ ನಾಲ್ಕು ಬೆರಳು ಮುಂದೆ ಬಂತು. ದೊಡ್ಡ ಖರ್ಚು ತಾರಸಿಯ ಮೇಲಿನ ಹೆಂಚಿನ ಮಾಡಿನದು. ಕಬ್ಬಿಣದ ಟ್ರಸ್ ನಿಲ್ಲಿಸಿ, ಎರಡೂ ತುದಿ ಗಾಳಿಗೆ ಬಿಟ್ಟಿದ್ದೇವೆ. ತಾರಸಿ ಈಗ ನೆನೆಯುವುದಿಲ್ಲ, ಹಾಗಾಗಿ ಮೊದಲಿನಷ್ಟು ತಣ್ಣಗಾಗುವುದಿಲ್ಲ. ಏಪ್ರಿಲ್ ಬಿಸಿಲು ಹೆಂಚಿಗೇ ನಿಲ್ಲುತ್ತದೆ, ನಡುವಿನ ಗಾಳಿ ಆ ಕಾವನ್ನು ಹೊತ್ತೊಯ್ಯುತ್ತದೆ. ಮೊದಲೆಲ್ಲ ಹಗಲು ಕಾದ ತಾರಸಿ ರಾತ್ರಿಯಿಡೀ ತಲೆಯ ಮೇಲೆ ಕಾವು ಸುರಿಯುತ್ತಿತ್ತು, ಫ್ಯಾನ್ ಬೆಳಗಿನವರೆಗೂ ತಿರುಗುತ್ತಿತ್ತು. ಈ ಬೇಸಿಗೆಯಲ್ಲಿ ಹತ್ತು ಗಂಟೆಗೇ ಅತ್ತೆ ಎದ್ದು ಆರಿಸುತ್ತಿದ್ದರು.

ಬಟ್ಟೆ ಒಣಗುವುದೂ ಈಗ ಆ ಮಾಡಿನ ಕೆಳಗೇ. ಬಚ್ಚಲಿಗೆ ತಾಗಿದ ಕೋಣೆಯ ಮೂಲೆ ಮಾತ್ರ ಇನ್ನೂ ಕಪ್ಪಾಗುತ್ತದೆ. ಅಲ್ಲಿಗೊಂದು ಎಕ್ಸಾಸ್ಟ್ ಫ್ಯಾನ್ ಕೂರಿಸಲು ಮೇಸ್ತ್ರಿಗೆ ಹೇಳಿದ್ದೇನೆ, ಮುಂದಿನ ಮಳೆ ಹಿಡಿಯುವ ಮೊದಲು ಬರುತ್ತೇನೆ ಎಂದಿದ್ದಾರೆ.